ಮನೆಯಲ್ಲಿ ಓದು, ಮಗುವಿನ ಸ್ವಂತ ಮಾತು

ಸಂಜೆ ದೀಪ ಹಚ್ಚಿದ ಮೇಲೆ ಐದನೆಯ ತರಗತಿಯ ಮಗು ಪುಸ್ತಕ ಬಿಚ್ಚಿಕೊಂಡು ಕುಳಿತಿರುತ್ತದೆ. ಪಾಠದ ಕೊನೆಯಲ್ಲಿ ‘ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು?’ ಎಂಬ ಪ್ರಶ್ನೆಯಿದೆ. ಮಗು ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿ, ರೊಟ್ಟಿ ಬಡಿಯುತ್ತಿರುವ ತಾಯಿಯ ಕಡೆಗೆ ತಿರುಗಿ, ‘ಅವ್ವಾ, ಇದಕ್ಕ ಉತ್ತರ ಏನು ಬರೀಲಿ?’ ಎಂದು ಕೇಳುತ್ತದೆ. ‘ಗೈಡಿನ್ಯಾಗ ನೋಡು’ ಎಂದು ತಾಯಿ ಹೇಳುತ್ತಾಳೆ. ಮಗು ಗೈಡು ನೋಡಿ ಅಂದವಾದ ಅಕ್ಷರಗಳಲ್ಲಿ ಬರೆದು ಮುಗಿಸುತ್ತದೆ. ನಿನ್ನ ಅಭಿಪ್ರಾಯವೇನೆಂದು ಕೇಳಿದ ಪ್ರಶ್ನೆಗೂ ಇನ್ನೊಬ್ಬರ ಉತ್ತರವನ್ನೇ ನಕಲು ಮಾಡುವ ಈ ದೃಶ್ಯ ನಮ್ಮ ಬಹಳಷ್ಟು ಮನೆಗಳಿಗೆ ಹೊಸದಲ್ಲ.

ಇದರಲ್ಲಿ ಮಗುವಿನ ತಪ್ಪಿಲ್ಲ. ದುಡಿದು ದಣಿದ ತಾಯಿಯ ತಪ್ಪೂ ಇಲ್ಲ. ಓದುವುದೆಂದರೆ ಬಾಯಿಪಾಠ, ಬರೆಯುವುದೆಂದರೆ ನಕಲು ಎಂಬ ರೂಢಿ ತಲೆಮಾರುಗಳಿಂದ ಬಂದದ್ದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೆಲದಲ್ಲಿ ನಿಂತು ಈ ರೂಢಿಯನ್ನು ನೋಡಿದಾಗ ಮನಸ್ಸಿಗೆ ನೋವಾಗುತ್ತದೆ. ಏಕೆಂದರೆ ಈ ನೆಲದ ಹಿರಿಮೆಯೇ ಬೇರೆ.

ಹಿರಿಯರು ತೋರಿದ ದಾರಿ

ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಎಂಟು ವರ್ಷದ ಬಾಲಕನೊಬ್ಬನು ತನಗೆ ಜನಿವಾರ ಹಾಕಲು ಬಂದ ಹಿರಿಯರನ್ನು ತಡೆದು, ಅಕ್ಕನಿಗಿಲ್ಲದ ಸಂಸ್ಕಾರ ತನಗೇಕೆಂದು ಕೇಳಿದನೆಂಬುದು ನಮ್ಮ ಪರಂಪರೆ ಕಾಯ್ದುಕೊಂಡು ಬಂದ ಕಥೆ. ಎಂಟು ವರ್ಷವೆಂದರೆ ಇಂದಿನ ಮೂರನೆಯ, ನಾಲ್ಕನೆಯ ತರಗತಿಯ ವಯಸ್ಸು. ಆ ಬಾಲಕನು ಬರಿದೇ ‘ಒಲ್ಲೆ’ ಎನ್ನಲಿಲ್ಲ, ‘ಏಕೆ ಒಲ್ಲೆ’ ಎಂಬುದನ್ನೂ ಹೇಳಿದನು. ಹಟಕ್ಕೂ ಅಭಿಪ್ರಾಯಕ್ಕೂ ಇರುವ ಅಂತರ ಇಷ್ಟೇ. ಹಟಕ್ಕೆ ಕಾರಣವಿರುವುದಿಲ್ಲ, ಅಭಿಪ್ರಾಯಕ್ಕೆ ಕಾರಣವೇ ಜೀವಾಳ.

ಅಂದು ಸಿಂದಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿಯು ಮಡಿವಾಳ ಮಾಚಯ್ಯನವರ ಊರು. ಬಸವಣ್ಣನವರ ಎದುರಿನಲ್ಲಿಯೇ ತಮಗೆ ತಪ್ಪೆನಿಸಿದ್ದನ್ನು ತಪ್ಪೆಂದು ಹೇಳಿದ ನಿಷ್ಠುರ ಶರಣರೆಂದು ಅವರನ್ನು ನೆನೆಯುತ್ತೇವೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಡದ ಮೇಲೆ ನೀಲಮ್ಮ ತಾಯಿಯ ಐಕ್ಯಸ್ಥಳವಿದೆ. ಕೂಡಲಸಂಗಮಕ್ಕೆ ಬರುವಂತೆ ಪತಿಯಿಂದ ಕರೆ ಬಂದಾಗ ಆ ತಾಯಿ ತನ್ನ ನಿಲುವನ್ನು ಕಾರಣಸಹಿತ ತಿಳಿಸಿದಳೆಂದು ಹಿರಿಯರು ಹೇಳುತ್ತಾರೆ. ಬಾಲಕ, ಕಾಯಕಜೀವಿ, ಗೃಹಿಣಿ, ಈ ಮೂವರ ಮಾತಿಗೂ ಬೆಲೆ ಕೊಟ್ಟ ನೆಲವಿದು.

ಇನ್ನು ಇಂಡಿಯ ಕಡೆ ಬರೋಣ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿ ಸಣ್ಣ ಊರು. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಮೊದಲಾದ ಗೆಳೆಯರು ಒಟ್ಟಿಗೆ ಓದಿದರು, ಓದಿದ್ದನ್ನು ಚರ್ಚಿಸಿದರು, ಬೀಸುವ ಕಲ್ಲಿನ ಮುಂದೆ ತಾಯಂದಿರು ಹಾಡಿದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಹೊರಬಂದಿತು. ದೊಡ್ಡ ಕಾಲೇಜಾಗಲಿ ಸಿರಿವಂತ ಗ್ರಂಥಾಲಯವಾಗಲಿ ಇಲ್ಲದ ಊರಿನಲ್ಲಿ, ಮನೆಯ ಪಡಸಾಲೆಯಲ್ಲಿಯೇ ಇಂಥ ಕೆಲಸ ನಡೆಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ವಚನಗಳನ್ನು ನಮ್ಮ ಕೈಗಿತ್ತ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದವರು. ಮನೆಮನೆ ತಿರುಗಿ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಆ ವಚನಗಳನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿ, ಸ್ಪರ್ಧೆಯಲ್ಲಿ ಬಹುಮಾನ ಕೊಡಿಸಿ, ಅಲ್ಲಿಗೇ ಬಿಟ್ಟರೆ ಅವರ ಶ್ರಮದ ಅರ್ಧ ಫಲವನ್ನಷ್ಟೇ ಉಂಡಂತೆ. ಅನುಭವ ಮಂಟಪವು ಬಾಯಿಪಾಠ ಒಪ್ಪಿಸುವ ಸ್ಥಳವಾಗಿರಲಿಲ್ಲ. ಅಲ್ಲಿ ಪ್ರಶ್ನೆಯಿತ್ತು, ಪ್ರತಿಪ್ರಶ್ನೆಯಿತ್ತು. ಕಂಠಪಾಠವು ಮೊದಲ ಮೆಟ್ಟಿಲು. ‘ಇದರ ಬಗ್ಗೆ ನಿನಗೇನು ಅನ್ನಿಸುತ್ತದೆ?’ ಎಂಬುದು ಎರಡನೆಯ ಮೆಟ್ಟಿಲು.

ಮೊದಲು ಓದು

ಅಭಿಪ್ರಾಯ ಬರೆಯಬೇಕಾದರೆ ಮೊದಲು ಓದು ಬರಬೇಕು. ಕೋವಿಡ್ ಕಾಲದಲ್ಲಿ ಶಾಲೆಗಳು ಬಹುಕಾಲ ಮುಚ್ಚಿದ್ದವು. ಅದರ ತರುವಾಯ 2022ರಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲಿ, ಕರ್ನಾಟಕದ ಗ್ರಾಮೀಣ ಭಾಗದ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ಅರ್ಧಕ್ಕಿಂತ ಕಡಿಮೆಯೆಂದು ಕಂಡುಬಂದಿತು. ಇದನ್ನು ಶಾಲೆಯ ಮೇಲೆ ಮಾತ್ರ ಹೊರಿಸಿ ಸುಮ್ಮನಿರುವಂತಿಲ್ಲ. ದಿನಕ್ಕೆ 20 ನಿಮಿಷ ಮನೆಯಲ್ಲಿ ಓದಿಸಿದರೆ ಅದು ಶಾಲೆಯ ಕೆಲಸಕ್ಕೆ ಆಸರೆಯಾದೀತು.

‘ನಮಗೇ ಓದು ಬರುವುದಿಲ್ಲ, ಮಕ್ಕಳಿಗೆ ಏನು ಹೇಳಿಕೊಡೋಣ?’ ಎಂದು ಅನೇಕ ತಾಯಂದಿರು ಕೇಳುವುದುಂಟು. ಓದು ಬಾರದ ಅಜ್ಜಿಯೂ ಇಲ್ಲಿ ಗುರುವಾಗಬಲ್ಲಳು. ಮಗು ಗಟ್ಟಿಯಾಗಿ ಓದಲಿ, ಅಜ್ಜಿ ಕೇಳಲಿ. ಓದು ಎಲ್ಲಿ ತಡವರಿಸಿತು, ಎಲ್ಲಿ ಅರ್ಥ ಕೆಟ್ಟಿತು ಎಂಬುದು ಕೇಳುವ ಕಿವಿಗೆ ತಿಳಿಯುತ್ತದೆ. ಓದಿ ಮುಗಿಸಿದ ಮೇಲೆ ಅಜ್ಜಿ ಮೂರೇ ಪ್ರಶ್ನೆ ಕೇಳಿದರೆ ಸಾಕು:

‘ಅದರಾಗ ಏನ್ ಹೇಳ್ಯಾರ?’
‘ನಿನಗ ಹ್ಯಾಂಗ ಅನಸ್ತದ?’
‘ಯಾಕ ಹಂಗ ಅನಸ್ತದ?’

ಮೊದಲನೆಯ ಪ್ರಶ್ನೆ ಮಗು ಓದಿದ್ದನ್ನು ಗ್ರಹಿಸಿದೆಯೋ ಇಲ್ಲವೋ ಎಂಬುದನ್ನು ತೋರಿಸುತ್ತದೆ. ಎರಡನೆಯದು ಮಗುವಿನ ಮನಸ್ಸನ್ನು ತೆರೆಯುತ್ತದೆ. ಮೂರನೆಯದೇ ಬಹು ಮುಖ್ಯವಾದುದು. ‘ಯಾಕ’ ಎಂದಾಗ ಮಗು ಮತ್ತೆ ಪುಸ್ತಕದ ಕಡೆಗೆ ತಿರುಗಿ ಆಧಾರ ಹುಡುಕುತ್ತದೆ. ಆ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿರಿ.

ಓದಲು ಏನು ಕೊಡಬೇಕು? ವಿಜಯಪುರ ಜಿಲ್ಲೆ ಮಕ್ಕಳ ಸಾಹಿತ್ಯಕ್ಕೆ ಹೆಸರಾದುದು. ಶಂ. ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದವರು ಮಕ್ಕಳಿಗಾಗಿ ಬರೆದಿದ್ದಾರೆ. ಸಿಂಪಿ ಲಿಂಗಣ್ಣನವರು ಸಂಗ್ರಹಿಸಿದ ಜನಪದ ಕಥೆಗಳಿವೆ. ವಾರಕ್ಕೊಂದು ಸರಳ ವಚನವಿರಲಿ. ದಿನಪತ್ರಿಕೆಯಲ್ಲಿ ಓದುಗರು ಬರೆಯುವ ಪತ್ರಗಳ ಅಂಕಣವಂತೂ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂಥದು. ಊರಿಗೆ ಬಸ್ಸು ಬಾರದ್ದನ್ನು, ಕಾಲುವೆಗೆ ನೀರು ಬಾರದ್ದನ್ನು ದೊಡ್ಡವರು ಹತ್ತು ಸಾಲುಗಳಲ್ಲಿ ಹೇಗೆ ಮಂಡಿಸುತ್ತಾರೆಂಬುದನ್ನು ಮಗು ಅಲ್ಲಿ ಕಾಣುತ್ತದೆ.

ಸಂಗತಿ ಬೇರೆ, ಅಭಿಪ್ರಾಯ ಬೇರೆ

ಬರೆಯಲು ಕೂಡ್ರಿಸುವ ಮುನ್ನ ಸಂಗತಿಗೂ ಅಭಿಪ್ರಾಯಕ್ಕೂ ಇರುವ ಭೇದವನ್ನು ಮಗುವಿಗೆ ತಿಳಿಸಬೇಕು. ಆಲಮಟ್ಟಿಯ ಅಣೆಕಟ್ಟೆಗೆ 1964ರಲ್ಲಿ ಶಂಕುಸ್ಥಾಪನೆ ಮಾಡಿದವರು ಲಾಲ ಬಹಾದ್ದೂರ ಶಾಸ್ತ್ರಿಗಳು, ಇದು ಸಂಗತಿ. ಯಾರು ಕೇಳಿದರೂ ಉತ್ತರ ಒಂದೇ. ‘ಅಣೆಕಟ್ಟೆಯ ನೀರು ಮೊದಲು ನೆಲ ಕಳೆದುಕೊಂಡವರ ಹೊಲಗಳಿಗೆ ಸಲ್ಲಬೇಕು’ ಎಂಬುದು ಅಭಿಪ್ರಾಯ. ಇದನ್ನು ಒಪ್ಪುವವರಿರುತ್ತಾರೆ, ಒಪ್ಪದವರೂ ಇರುತ್ತಾರೆ. ಆದ್ದರಿಂದ ಇದಕ್ಕೆ ಕಾರಣ ಕೊಡಬೇಕಾಗುತ್ತದೆ. ಊಟಕ್ಕೆ ಕುಳಿತಾಗ ಐದು ನಿಮಿಷ ಇದನ್ನೇ ಆಟವಾಗಿ ಆಡಬಹುದು. ಒಬ್ಬರು ಒಂದು ವಾಕ್ಯ ಹೇಳುವುದು, ಅದು ಸಂಗತಿಯೋ ಅಭಿಪ್ರಾಯವೋ ಎಂದು ಮಗು ಗುರುತಿಸುವುದು.

ಬರವಣಿಗೆಯ ನಾಲ್ಕು ಮೆಟ್ಟಿಲು

ಅಭಿಪ್ರಾಯದ ಬರವಣಿಗೆಗೆ ನಾಲ್ಕು ಅಂಗಗಳು. ಮೊದಲು ತನ್ನ ನಿಲುವು. ಎರಡನೆಯದು ‘ಏಕೆಂದರೆ’ ಎಂದು ಕಾರಣ. ಮೂರನೆಯದು ‘ಉದಾಹರಣೆಗೆ’ ಎಂದು ಕಣ್ಣಾರೆ ಕಂಡದ್ದು ಅಥವಾ ಓದಿದ್ದು. ಕೊನೆಗೆ ‘ಆದ್ದರಿಂದ’ ಎಂದು ಮುಕ್ತಾಯ. ನಾಲ್ಕನೆಯ ತರಗತಿಯ ಮಗು ಐದಾರು ವಾಕ್ಯ ಬರೆದರೆ ಸಾಕು. ಐದನೆಯ ತರಗತಿಯವರು ಎರಡು ಕಾರಣ ಕೊಡಲಿ. ಆರು, ಏಳನೆಯ ತರಗತಿಯವರು ‘ಆದರೆ’ ಎಂಬ ಇನ್ನೊಂದು ಮೆಟ್ಟಿಲನ್ನು ಏರಲಿ. ಎದುರಿನವರು ಏನು ಹೇಳಬಹುದೆಂಬುದನ್ನು ತಾವೇ ಹೇಳಿ ಅದಕ್ಕೆ ಸಮಾಧಾನ ಕೊಡಲಿ.

ವಿಷಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಇಂಡಿಯ ಕಡೆಯ ಮಗು ನಿಂಬೆಯ ಬೆಲೆ ಬಿದ್ದಾಗ ಹಣ್ಣನ್ನು ಪೇಟೆಗೆ ಒಯ್ಯಬೇಕೆ, ಉಪ್ಪಿನಕಾಯಿ ಮಾಡಿ ಮಾರಬೇಕೆ ಎಂಬುದನ್ನು ಬರೆಯಲಿ. ಸಿಂದಗಿಯ ಕಡೆಯ ಮಗು ಮನೆಯವರು ಕಬ್ಬು ಕಡಿಯಲು ಗುಳೆ ಹೋಗುವಾಗ ಮಕ್ಕಳನ್ನು ಜೊತೆಗೆ ಕರೆದೊಯ್ಯಬೇಕೆ, ಊರಿನಲ್ಲಿಯೇ ಬಿಟ್ಟು ಶಾಲೆ ಮುಂದುವರಿಸಬೇಕೆ ಎಂಬುದನ್ನು ಬರೆಯಲಿ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಎತ್ತಿನ ಬಂಡಿಯಲ್ಲಿ ಹೋಗುವುದು ಚಂದವೋ, ಟ್ರ್ಯಾಕ್ಟರಿನಲ್ಲಿ ಹೋಗುವುದು ಚಂದವೋ ಎಂಬಂಥ ಹಗುರ ವಿಷಯವೂ ಬರಲಿ.

ಏಳನೆಯ ತರಗತಿಯ ಅಕ್ಕನನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆದಿದೆಯೆಂದು ಇಟ್ಟುಕೊಳ್ಳಿರಿ. ಆರನೆಯ ತರಗತಿಯ ತಂಗಿ ಹೀಗೆ ಬರೆಯಬಹುದು:

‘ನನ್ನ ವಿಚಾರದಲ್ಲಿ ಅಕ್ಕ ಹೈಸ್ಕೂಲಿಗೆ ಹೋಗಬೇಕು. ಏಕೆಂದರೆ ನಮ್ಮ ಮನೆಯಲ್ಲಿ ಕಾಗದಪತ್ರ ಓದಿ ಹೇಳುವವಳು ಅವಳೊಬ್ಬಳೇ. ಉದಾಹರಣೆಗೆ, ಬ್ಯಾಂಕಿನ ಕಾಗದ ಬಂದಾಗ ಅವಳು ಓದಿದ್ದರಿಂದಲೇ ಅಪ್ಪನಿಗೆ ಕಂತು ತುಂಬುವ ದಿನ ತಿಳಿಯಿತು. ಹೈಸ್ಕೂಲು ದೂರವೆಂದು ಆಯಿ ಹೆದರುತ್ತಾಳೆ. ಆದರೆ ಓಣಿಯ ಇನ್ನಿಬ್ಬರು ಹುಡುಗಿಯರು ಅದೇ ಬಸ್ಸಿಗೆ ಹೋಗುತ್ತಾರೆ; ಮೂವರೂ ಕೂಡಿ ಹೋಗಬಹುದು. ಆದ್ದರಿಂದ ಅಕ್ಕನ ಶಾಲೆ ಬಿಡಿಸಬಾರದು.’

ಈ ಆರು ವಾಕ್ಯಗಳಲ್ಲಿ ಅಳು ಇಲ್ಲ, ಸಿಟ್ಟು ಇಲ್ಲ, ಹಿರಿಯರ ಅನಾದರವೂ ಇಲ್ಲ. ಅಜ್ಜಿಯ ಹೆದರಿಕೆಗೂ ಅದರಲ್ಲಿ ಸ್ಥಾನವಿದೆ. ಇಂಥ ಮಾತನ್ನು ಓದಿದ ತಂದೆ ಒಂದು ಗಳಿಗೆಯಾದರೂ ಯೋಚಿಸದೆ ಇರಲಾರನು. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಕಡ್ಡಾಯಗೊಳಿಸಿದೆ. ಆದರೆ ಅನೇಕ ಮನೆಗಳಲ್ಲಿ ಕಾಯಿದೆಗಿಂತ ಮೊದಲು ಕೇಳಿಸಬೇಕಾದುದು ಮಗುವಿನ ಧ್ವನಿ.

ತಿದ್ದುವಾಗ ಎಚ್ಚರ

ನಮ್ಮ ಭಾಗದ ಮಕ್ಕಳ ಮನೆಮಾತು ಒಂದು, ಪುಸ್ತಕದ ಕನ್ನಡ ಇನ್ನೊಂದು. ‘ಹೊಂಟಾನ’ ಎಂಬುದನ್ನು ‘ಹೊರಟಿದ್ದಾನೆ’ ಎಂದು ಬರೆಯುವುದರಲ್ಲಿಯೇ ಮಗುವಿನ ಶಕ್ತಿಯೆಲ್ಲ ಕಳೆದರೆ ವಿಚಾರಕ್ಕೆ ಶಕ್ತಿ ಉಳಿಯುವುದಿಲ್ಲ. ಆದ್ದರಿಂದ ಮೊದಲು ಬಾಯಿಂದ ಹೇಳಲಿ. ತರುವಾಯ ಬಂದ ಮಾತಿನಲ್ಲಿಯೇ ಬರೆಯಲಿ. ಮೂರನೆಯ ಸಲ ಗ್ರಂಥಭಾಷೆಗೆ ತಿದ್ದಿಕೊಳ್ಳಲಿ. ಮೊದಲ ಓದಿನಲ್ಲಿ ಕಾಗುಣಿತದ ತಪ್ಪುಗಳಿಗೆ ಕೆಂಪು ಮಸಿ ಹಚ್ಚಬೇಡಿರಿ. ಕಾರಣ ನಿಲುವಿಗೆ ಹೊಂದುತ್ತದೆಯೇ ಎಂದು ಮಾತ್ರ ನೋಡಿರಿ. ಕಾಗುಣಿತವನ್ನು ಎರಡನೆಯ ಓದಿನಲ್ಲಿ ತಿದ್ದಿದರಾಯಿತು.

ಮಗು ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಬರೆದರೆ ಏನು ಮಾಡಬೇಕು? ಇದೇ ನಿಜವಾದ ಪರೀಕ್ಷೆ, ಮಗುವಿಗಲ್ಲ, ನಮಗೆ. ‘ಎದುರು ಮಾತಾಡತೀಯಾ?’ ಎಂದು ಗದರಿಸಿದರೆ ಮರುದಿನದಿಂದ ಅದು ನಮಗೆ ಬೇಕಾದ್ದನ್ನೇ ಬರೆಯಲು ಕಲಿಯುತ್ತದೆ. ಆಗ ಗೈಡಿಗೂ ನಮಗೂ ಏನು ಭೇದ ಉಳಿಯಿತು? ಅದರ ಬದಲು ನೀವೂ ನಿಮ್ಮ ಕಾರಣ ಹೇಳಿರಿ. ಒಪ್ಪದಿದ್ದರೂ ‘ನೀ ಹೇಳಿದ ಕಾರಣ ಚಲೋ ಅದ’ ಎಂದು ಮೆಚ್ಚಿರಿ. ಹೇಳಿದ್ದೆಲ್ಲ ನಡೆಯುವುದಿಲ್ಲವೆಂಬುದನ್ನೂ ಮಗು ಕಲಿಯಬೇಕು. ಹೇಳಿದ್ದನ್ನು ಕೇಳುವವರಿದ್ದಾರೆಂಬ ಭರವಸೆಯೂ ಅದಕ್ಕಿರಬೇಕು.

ವಾರದ ಕ್ರಮ ಸರಳವಾಗಿರಲಿ. ಸೋಮವಾರದಿಂದ ಗುರುವಾರದವರೆಗೆ ಓದು, ಮೂರು ಪ್ರಶ್ನೆ. ಶುಕ್ರವಾರ ವಿಷಯ ಆರಿಸಿ ಬಾಯಿಮಾತಿನ ಚರ್ಚೆ. ಶನಿವಾರ ಬರವಣಿಗೆ. ರವಿವಾರ ಮನೆಯವರೆಲ್ಲರ ಮುಂದೆ ಓದುವುದು. ಸುಗ್ಗಿಯ ದಿನಗಳಲ್ಲಿ ತಪ್ಪಿದರೆ ಚಿಂತೆಯಿಲ್ಲ, ಮತ್ತೆ ಹಿಡಿದರಾಯಿತು. ಒಂದೇ ನೋಟುಬುಕ್ಕಿನಲ್ಲಿ ಬರೆಸಿ ಇಡಿರಿ. ವರ್ಷದ ಕೊನೆಗೆ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಮಗುವೇ ಹೋಲಿಸಿ ನೋಡಲಿ.

ಮನೆಯಿಂದ ಊರಿಗೆ

ಈ ಅಭ್ಯಾಸಕ್ಕೆ ಮನೆಯ ಹೊರಗೂ ನೆರವಿದೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಅವೇ ಇಂದು ‘ಅರಿವು ಕೇಂದ್ರ’ಗಳೆನಿಸಿವೆ. ಮಗುವಿನ ಕೈ ಹಿಡಿದು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿರಿ. ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಶಾಲೆಗೆ ಕುಡಿಯುವ ನೀರಿಲ್ಲ, ಶೌಚಾಲಯಕ್ಕೆ ಬಾಗಿಲಿಲ್ಲ ಎಂಬುದನ್ನು ಅಲ್ಲಿ ಮಕ್ಕಳೇ ಎದ್ದು ಹೇಳಬಹುದು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆಯೆಂದು ವಿಶ್ವಸಂಸ್ಥೆ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಸಾರಿತು. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಆದರೆ ಮನೆಯ ಪಡಸಾಲೆಯಲ್ಲಿ ಬಾಯಿ ಬಿಡದ ಮಗು ಪಂಚಾಯತಿಯ ಕಟ್ಟೆಯ ಮೇಲೆ ಹೇಗೆ ಮಾತನಾಡೀತು?

ಬಸವ ಜಯಂತಿಯಂದು ನಾವು ಮಕ್ಕಳಿಗೆ ಬಾಲ ಬಸವಣ್ಣನ ವೇಷ ಹಾಕಿಸಿ ಮೆರವಣಿಗೆಯಲ್ಲಿ ಕೂಡ್ರಿಸುತ್ತೇವೆ. ಅದು ಸಂತೋಷದ ಮಾತು. ವೇಷ ಕಳಚಿದ ಮೇಲೆ ಅದೇ ಮಗು ಮನೆಗೆ ಬಂದು ‘ಅಪ್ಪಾ, ಇದು ಹೀಂಗ್ಯಾಕ?’ ಎಂದು ಕೇಳಿದಾಗ ನಾವು ಏನು ಹೇಳುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಂದು ಸಂಜೆ ದೀಪ ಹಚ್ಚಿದ ಮೇಲೆ ಗೈಡನ್ನು ಸ್ವಲ್ಪ ಹೊತ್ತು ಮಾಡದಲ್ಲಿಡಿರಿ. ಮಗುವನ್ನು ಹತ್ತಿರ ಕೂಡ್ರಿಸಿಕೊಂಡು, ‘ನಿನಗ ಹ್ಯಾಂಗ ಅನಸ್ತದ, ಹೇಳವ್ವಾ’ ಎಂದು ಕೇಳಿರಿ. ಉತ್ತರ ಬರಲು ತಡವಾದೀತು, ಕಾಯಿರಿ.