ಮೇಲಧಿಕಾರಿಯೊಡನೆ ಆಡತಕ್ಕ ಮಾತು

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಕಚೇರಿಗಳ ನೌಕರರಾಗಿಯೂ ದುಡಿಯುತ್ತಿರುವರು. ಅವರು ಶಾಲೆಯನ್ನು ನೋಡಲು ಬಂದಾಗ ಹೇಳಿಕೊಳ್ಳುವ ಕಷ್ಟಗಳಲ್ಲಿ ಒಂದು ಮತ್ತೆ ಮತ್ತೆ ನನ್ನ ಕಿವಿಗೆ ಬೀಳುವುದುಂಟು: “ಅಮ್ಮನವರೇ, ವರ್ಷವೆಲ್ಲಾ ದುಡಿದೆನು. ನನ್ನ ಕೆಲಸದಲ್ಲಿ ಕೊರತೆಯಿದೆಯೆಂದು ಯಾರೂ ಹೇಳಲಿಲ್ಲ. ಕಡೆಗೆ ವರದಿಯಲ್ಲಿ ಮಾತ್ರ ಬರೆದುಬಿಟ್ಟರು.”

ಈ ದೂರನ್ನು ಕೇಳುವಾಗ ನನ್ನ ಮನಸ್ಸಾಕ್ಷಿಯೇ ನನ್ನನ್ನು ಚುಚ್ಚುವುದು. ಕೆಲವು ವರ್ಷಗಳ ಹಿಂದೆ ನನ್ನ ಕೈಕೆಳಗೆ ಗಣಿತವನ್ನು ಕಲಿಸಲು ಹೊಸ ಉಪಾಧ್ಯಾಯಿನಿಯೊಬ್ಬರು ಬಂದರು. ಅವರು ಕರಿಹಲಗೆಯ ಕಡೆಗೆ ಮುಖಮಾಡಿಯೇ ಪಾಠ ಹೇಳುತ್ತಿದ್ದುದರಿಂದ ಹಿಂದಿನ ಬೆಂಚಿನ ಮಕ್ಕಳಿಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಇದನ್ನು ನಾನು ಮೊದಲನೆಯ ತಿಂಗಳಲ್ಲಿಯೇ ಕಂಡೆನು. ಆದರೆ ಹೊಸಬರು ನೊಂದುಕೊಂಡಾರೆಂಬ ದಾಕ್ಷಿಣ್ಯದಿಂದ ಸುಮ್ಮನಿದ್ದುಬಿಟ್ಟೆನು. ವರ್ಷದ ಕೊನೆಗೆ ವರದಿಯಲ್ಲಿ ಅದನ್ನು ಬರೆಯಲೇಬೇಕಾಯಿತು. ಅವರು ಓದಿ, “ಜೂನ್ ತಿಂಗಳಲ್ಲಿ ಹೇಳಿದ್ದರೆ ಜುಲೈಯಲ್ಲಿ ತಿದ್ದಿಕೊಳ್ಳುತ್ತಿದ್ದೆನು” ಎಂದಷ್ಟೇ ಹೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ದಯೆಯೆಂದು ತಿಳಿದುಕೊಂಡಿದ್ದುದು ಅವರಿಗೂ ಒಂದು ತರಗತಿಯ ಮಕ್ಕಳಿಗೂ ಒಂದು ವರ್ಷದ ನಷ್ಟವನ್ನುಂಟುಮಾಡಿತು.

ಇಂತಹ ಮೌನದಿಂದಾಗುವ ಅನ್ಯಾಯವನ್ನು ನಮ್ಮ ದೇಶದ ಅತ್ಯುಚ್ಚ ನ್ಯಾಯಾಲಯವೂ ಮನಗಂಡಿದೆ. ಸರಕಾರಿ ನೌಕರಿಯಲ್ಲಿ ಬಹುಕಾಲ ಗೋಪ್ಯ ವರದಿಯ ಪದ್ಧತಿಯಿದ್ದಿತು. ಅದರೊಳಗಿನ ದೋಷಾರೋಪಣೆಗಳನ್ನು ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಗಡಿರಸ್ತೆಗಳ ಇಲಾಖೆಯ ಇಂಜಿನಿಯರರಾದ ದೇವ್ ದತ್ ಎಂಬವರ 1993-94ನೆಯ ಸಾಲಿನ ವರದಿಯಲ್ಲಿ “ಚೆನ್ನಾಗಿದೆ” ಎಂದು ಬರೆದಿದ್ದರು. ಬಡ್ತಿಗಾದರೋ ಐದು ವರ್ಷಗಳಲ್ಲಿಯೂ “ಬಹಳ ಚೆನ್ನಾಗಿದೆ” ಎಂದಿರಬೇಕಾಗಿದ್ದಿತು. ಆ ಒಂದು ಮಾತಿನಿಂದ ಅವರಿಗೆ ಬಡ್ತಿ ತಪ್ಪಿತು. ಆ ಮಾತನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ವರದಿಯಲ್ಲಿ ಬರೆದುದು ಒಳ್ಳೆಯದಾಗಲಿ ಕೆಟ್ಟದಾಗಲಿ ಎಲ್ಲವನ್ನೂ ನೌಕರನಿಗೆ ತಿಳಿಸತಕ್ಕದ್ದೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿತು. ಮರುವರ್ಷ ಕೇಂದ್ರ ಸರಕಾರವು ವರದಿಯನ್ನು ನೌಕರನಿಗೆ ತೋರಿಸತಕ್ಕದ್ದೆಂದೂ, ಅವನು 15 ದಿನಗಳೊಳಗೆ ಅದರ ಮೇಲೆ ಮನವಿಯನ್ನು ಬರೆದುಕೊಡಬಹುದೆಂದೂ ಗೊತ್ತುಮಾಡಿತು. ಖಾಸಗಿ ಸಂಸ್ಥೆಗಳಿಗೆ ಈ ಆಜ್ಞೆ ಅನ್ವಯಿಸದಿದ್ದರೂ ಅದರ ನ್ಯಾಯವು ಎಲ್ಲೆಡೆಯೂ ಒಂದೇ.

ಆದರೆ ಕಾನೂನು ಕೊಡಿಸುವುದು ವರ್ಷಾಂತ್ಯದ ಕಾಗದವನ್ನು. ಜೂನ್ ತಿಂಗಳ ಮಾತನ್ನು ನಾವೇ ಕೇಳಿ ಪಡೆಯಬೇಕು. ಅದನ್ನು ಕೇಳುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆನು.

ಮೊದಲನೆಯದಾಗಿ, ಕೆಲಸಕ್ಕೆ ಸೇರಿದ ಒಂದೆರಡು ತಿಂಗಳೊಳಗೆ, ಮೇಲಧಿಕಾರಿಗೆ ಬಿಡುವಿರುವ ಸಮಯವನ್ನು ಮುಂಚಿತವಾಗಿ ಕೇಳಿಕೊಂಡು, ಒಬ್ಬರೇ ಹೋಗಿ ಮಾತನಾಡಬೇಕು. ದಾರಿಯಲ್ಲಿ ತಡೆದು ಕೇಳಿದರೆ ಬರುವುದು ದಾರಿಯ ಮಾತೇ.

ಎರಡನೆಯದಾಗಿ, “ನನ್ನ ಕೆಲಸ ಹೇಗಿದೆ?” ಎಂದು ಕೇಳಬಾರದು. ಅದಕ್ಕೆ “ಚೆನ್ನಾಗಿದೆ” ಎಂಬ ಉತ್ತರವೇ ಸಿಕ್ಕುವುದು. ಆ ಉತ್ತರದ ಬೆಲೆಯೆಷ್ಟೆಂಬುದನ್ನು ಮೇಲೆ ಕಂಡಿದ್ದೇವೆ. “ನಿನ್ನೆಯ ಪಾಠದಲ್ಲಿ ನಾನು ತಿದ್ದಿಕೊಳ್ಳಬೇಕಾದ ಒಂದು ಅಂಶ ಯಾವುದು?” ಎಂದು ಉಪಾಧ್ಯಾಯಿನಿಯು ಕೇಳಲಿ. “ರಾತ್ರಿಯ ಪಾಳಿಯವರಿಗೆ ನಾನು ರೋಗಿಗಳನ್ನು ಒಪ್ಪಿಸಿದಾಗ ಯಾವ ವಿವರ ಬಿಟ್ಟುಹೋಗಿತ್ತು?” ಎಂದು ದಾದಿಯು ಕೇಳಲಿ. ಖಚಿತವಾದ ಪ್ರಶ್ನೆಯು ಹೇಳುವವರ ಸಂಕೋಚವನ್ನೂ ಕಳೆಯುವುದು.

ಮೂರನೆಯದಾಗಿ, ಉತ್ತರವನ್ನು ಕೇಳಿದೊಡನೆ ಸಮರ್ಥನೆಗೆ ತೊಡಗಕೂಡದು. ಪುಸ್ತಕದಲ್ಲಿ ಬರೆದುಕೊಂಡು, ವಂದನೆ ಹೇಳಿ ಬರಬೇಕು. ಎರಡು ವಾರಗಳ ತರುವಾಯ ತಿದ್ದಿದ ಕೆಲಸವನ್ನು ತೋರಿಸಬೇಕು. ಒಮ್ಮೆ ಹೀಗೆ ಮಾಡಿದವಳಿಗೆ ಮುಂದಿನ ಸಲ ಮೇಲಧಿಕಾರಿಯು ತಾನಾಗಿಯೇ ಹೇಳುವನು.

ನಾಲ್ಕನೆಯದಾಗಿ, ಆಕ್ಷೇಪಣೆಯು ನಿಜವಲ್ಲದಿದ್ದರೆ ಸಹೋದ್ಯೋಗಿಗಳ ಮುಂದೆ ಗೊಣಗುವುದರಿಂದ ಫಲವಿಲ್ಲ. ದಿನಾಂಕ, ಲೆಕ್ಕ, ದಾಖಲೆಗಳೊಂದಿಗೆ ವಿನಯವಾದ ಪತ್ರವನ್ನು ತಡಮಾಡದೆ ಬರೆದು ಕೊಡಬೇಕು. ಅದರ ಒಂದು ಪ್ರತಿಯನ್ನು ತನ್ನಲ್ಲಿಟ್ಟುಕೊಳ್ಳಬೇಕು.

ತಂದೆತಾಯಿಗಳಿಗೂ ಒಂದು ಬಿನ್ನಹ. ಮೌನವೇ ಹೆಣ್ಣಿಗೆ ಭೂಷಣವೆಂದು ಮನೆಯಲ್ಲಿ ಕಲಿತ ಮಗಳು ಕಚೇರಿಯಲ್ಲಿ ಏಕಾಏಕಿ ಬಾಯ್ದೆರೆಯಲಾರಳು. “ನನ್ನ ತಪ್ಪೇನು?” ಎಂದು ಅವಳು ಕೇಳಿದಾಗ ಎದುರುತ್ತರವೆಂದು ಗದರಿಸದೆ, ಸಮಾಧಾನದಿಂದ ತಿಳಿಯಹೇಳಿರಿ. ಇಂದಿನ ಆ ಅಭ್ಯಾಸವೇ ನಾಳೆ ಅವಳ ಅನ್ನವನ್ನು ಕಾಯುವುದು.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿರುವ ತಲಾಂತುಗಳ ಸಾಮ್ಯವನ್ನು ನೀವೆಲ್ಲರೂ ಈ ಶಾಲೆಯಲ್ಲಿ ಕೇಳಿದ್ದೀರಿ. ಮೂರನೆಯ ಆಳು ಕಳ್ಳನಾಗಿರಲಿಲ್ಲ. ಧಣಿಗೆ ಹೆದರಿ ತನಗೆ ದೊರೆತುದನ್ನು ಮಣ್ಣಿನಲ್ಲಿ ಹೂತಿಟ್ಟನು. ಲೆಕ್ಕ ಕೇಳುವ ದಿನದವರೆಗೆ ಅವನು ಬಾಯಿ ತೆರೆದಂತೆ ಕಾಣುವುದಿಲ್ಲ. ಪ್ರಿಯ ಮಕ್ಕಳೇ, ನಿಮಗೆ ದೊರೆತ ತಲಾಂತನ್ನು ಭಯದಿಂದ ಹೂಳದಿರಿ. ಲೆಕ್ಕದ ದಿನಕ್ಕೆ ಮುಂಚೆಯೇ ಹೋಗಿ ಕೇಳಿರಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರು ನಾಳೆ ನಿಮ್ಮ ಮುಂದೆ ಬಂದು ನಿಂತಾಗ, ನಾನು ಮಾಡಿದಂತೆ ಮಾಡದೆ, ಜೂನ್ ತಿಂಗಳಲ್ಲಿಯೇ ಹೇಳಿಬಿಡಿರಿ.