ತೊಟ್ಟಿಲನ್ನೇ ತೂರುವ ತಾರೆಗಳು

ಫೆಬ್ರವರಿ ಮೊದಲ ವಾರ, ರಾತ್ರಿ ಒಂಬತ್ತರ ಸುಮಾರಿಗೆ ಅಮೃತೂರಿನ ಯಾವ ಅಂಗಳದಿಂದಲಾದರೂ ತಲೆಯೆತ್ತಿ ನೋಡಿ. ನೆತ್ತಿಯಿಂದ ತುಸು ದಕ್ಷಿಣಕ್ಕೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳಿವೆ. ಅದು ಮಹಾವ್ಯಾಧನ ನಡುಪಟ್ಟಿ. ಅದರಿಂದ ಇಳಿಬಿದ್ದ ಕತ್ತಿಯ ನಡುವೆ ಮಂಜಿನಂಥ ಚುಕ್ಕೆಯೊಂದು ಕಾಣುತ್ತದೆ. ಬೀದಿದೀಪದ ಕಾಟವಿಲ್ಲದಿದ್ದರೆ ಬರಿಗಣ್ಣಿಗೇ ಸಿಕ್ಕೀತು. ಬೈನಾಕ್ಯುಲರ್ ಇದ್ದರಂತೂ ಸರಿಯೇ.

ಇದು ಮಹಾವ್ಯಾಧ ನೀಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ, ಅನಿಲ ಮತ್ತು ಧೂಳಿನ ಮೋಡದೊಳಗೆ ನಕ್ಷತ್ರಗಳು ಹುಟ್ಟುತ್ತಿರುವ ತಾಣ. ಸರಕಿಗೇನೂ ಅಲ್ಲಿ ಕೊರತೆಯಿಲ್ಲ. ಆದರೂ ಇಂಥ ಮೋಡಗಳಲ್ಲಿ ನಕ್ಷತ್ರವಾಗುವುದು ನೂರರಲ್ಲಿ ಕೆಲವೇ ಪಾಲು. ಉಳಿದದ್ದಕ್ಕೆ ಅಡ್ಡಬರುವವರು ಯಾರು? ಬಹುಮಟ್ಟಿಗೆ, ಮೊದಲು ಹುಟ್ಟಿದ ಅಣ್ಣಂದಿರೇ!

ಸೂರ್ಯನಿಂದಲೂ ಗಾಳಿ ಬೀಸುತ್ತದೆ. ವಿದ್ಯುದಾವೇಶವುಳ್ಳ ಕಣಗಳ ಆ ಹೊನಲಿನ ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. ನೀಹಾರಿಕೆಯ ನಡುವಿರುವ ಟ್ರಪೀಜಿಯಂ ಗುಚ್ಛದ ಹಿರಿಯ ತಾರೆ, ಥೀಟಾ-1 ಓರಯಾನಿಸ್ ಸಿ, ಸೂರ್ಯನ ಮೂವತ್ತು ಪಟ್ಟಿಗೂ ಮಿಗಿಲಾದ ತೂಕದ್ದು. ಅದರ ಗಾಳಿಯ ವೇಗ ಸುಮಾರು 2,500 ಕಿ.ಮೀ.; ಚೆಲ್ಲುವ ದ್ರವ್ಯವೋ ಸೂರ್ಯನದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು. ಈ ಗಾಳಿ ಸುತ್ತಲಿನ ಅನಿಲಕ್ಕೆ ಅಪ್ಪಳಿಸಿ ದಶಲಕ್ಷ ಡಿಗ್ರಿಗೂ ಮೀರಿ ಕಾಯುತ್ತದೆ. ಕಾದದ್ದು ಹಿಗ್ಗಬೇಕಲ್ಲ? ಗುಳ್ಳೆಯೊಂದು ಬಲೂನಿನಂತೆ ಉಬ್ಬಿ, ಎದುರಿನ ತಣ್ಣನೆಯ ಅನಿಲವನ್ನು ಗುಡಿಸಿ ಚಿಪ್ಪು ಮಾಡಿಕೊಂಡು ಹೊರಡುತ್ತದೆ.

ಬೋಯಿಂಗ್ 747 ವಿಮಾನದಲ್ಲಿ ದೂರದರ್ಶಕ ಕೂರಿಸಿದ್ದ ಸೋಫಿಯಾ ವೀಕ್ಷಣಾಲಯ (2022ರಲ್ಲಿ ಅದರ ಹಾರಾಟ ಮುಗಿಯಿತು) ಕಾರ್ಬನ್ ಅಯಾನುಗಳ ಅವಕೆಂಪು ಬೆಳಕಿನಲ್ಲಿ ಈ ಚಿಪ್ಪನ್ನು ಅಳೆಯಿತು. 2019ರಲ್ಲಿ ಪ್ರಕಟವಾದ ಲೆಕ್ಕದಂತೆ ಅದು ಸೆಕೆಂಡಿಗೆ 13 ಕಿ.ಮೀ. ವೇಗದಲ್ಲಿ ಹಿಗ್ಗುತ್ತಿದೆ. ಆ ವೇಗದಲ್ಲಿ ಕುಣಿಗಲ್ಲಿನಿಂದ ಬೆಂಗಳೂರಿಗೆ ಆರು ಸೆಕೆಂಡು ಸಾಕು!

ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಹಾರಿ ಕಾಳು ಉಳಿಯುವುದಿಲ್ಲವೇ? ಹಾಗೆಯೇ ಹಗುರ ಅನಿಲ ಹಾರಿಹೋಗಿ ದಟ್ಟವಾದ ಗಂಟುಗಳು ಉಳಿಯುತ್ತವೆ. ಒತ್ತಡಕ್ಕೆ ಅಂಥ ಗಂಟು ಕುಗ್ಗಿ ಹೊಸ ನಕ್ಷತ್ರವಾದರೂ ಆದೀತು. ಆದ್ದರಿಂದ ಈ ಗಾಳಿಯನ್ನು ಬರಿಯ ಕೇಡಿಗನೆನ್ನುವುದು ಆತುರದ ಮಾತು.

ಮಹಾವ್ಯಾಧದಲ್ಲಿ ಬಹುಪಾಲು ಗಾಳಿ ಒಂದೇ ತಾರೆಯದು. ದೊಡ್ಡ ಗುಚ್ಛಗಳಲ್ಲಿ ಹಲವು ಭಾರಿ ತಾರೆಗಳ ಗಾಳಿ ಒಟ್ಟುಗೂಡಿ ಬೀಸುತ್ತದೆ. ಅದರ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮ, ಇವರೊಡನೆ ದುಡಿದ ಸಿದ್ಧಾರ್ಥ ಗುಪ್ತ ಸೇರಿದ್ದಾರೆ. ಅವರೆದುರು ಒಂದು ಹಳೆಯ ಒಗಟಿತ್ತು. ಭೂಮಿಗೆ ಬರುವ ವಿಶ್ವಕಿರಣಗಳಲ್ಲಿ ನಿಯಾನ್-20ಕ್ಕೆ ಹೋಲಿಸಿದಾಗ ನಿಯಾನ್-22ರ ಪಾಲು ಸೌರವ್ಯೂಹದಲ್ಲಿರುವುದರ ಸುಮಾರು ಐದು ಪಟ್ಟು. ಈ ಹೆಚ್ಚುವರಿ ಎಲ್ಲಿಯದು? ಇಳಿವಯಸ್ಸಿನ ಭಾರಿ ನಕ್ಷತ್ರಗಳ ಗಾಳಿಯಲ್ಲಿ ನಿಯಾನ್-22 ಹೇರಳ. ಗುಚ್ಛದ ಗಾಳಿ ಎಬ್ಬಿಸುವ ಆಘಾತ ತರಂಗವೇ ಆ ಕಣಗಳಿಗೆ ವೇಗ ಕೊಟ್ಟಿರಬೇಕೆಂದು ಇವರ ತಂಡದ 2020ರ ಪ್ರಬಂಧ ವಾದಿಸಿತು.