ಕೂಸು ಹುಟ್ಟುವ ಮುನ್ನ ಕುಲಾವಿ: ಮ್ಯಾಕ್‌ಬುಕ್‌ನ ಮುಂದಿನ ರೂಪ ಹೇಗಿದ್ದೀತು?

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದವರ ಮಾತನ್ನೆತ್ತಿ ಹಿರಿಯರು ನಗುವುದುಂಟು. ಇಂದು ಆ ಹೊಲಿಗೆಯೇ ಒಂದು ದೊಡ್ಡ ಉದ್ಯೋಗವಾಗಿ ಬೆಳೆದಿದೆ. ಅಮೆರಿಕದ ಆಪಲ್ ಸಂಸ್ಥೆ ತಯಾರಿಸುವ ಮ್ಯಾಕ್‌ಬುಕ್ ಎಂಬ ಲ್ಯಾಪ್‌ಟಾಪ್ ಗಣಕವು ಹೊಸ ರೂಪ ತಳೆಯುವುದಕ್ಕೆ ವರ್ಷಗಳ ಮೊದಲೇ ಅದರ ಜಾತಕ ಬರೆಯುವವರು ಸಿದ್ಧರಾಗಿರುತ್ತಾರೆ. ಮೈಬಣ್ಣ ಯಾವುದು, ದಪ್ಪವೆಷ್ಟು, ಪರದೆ ಎಂಥದು ಎಂಬುದೆಲ್ಲವೂ ಆ ಜಾತಕದಲ್ಲಿ ಬರುತ್ತದೆ. ಕೆಲವರು ಕಲ್ಪನೆಯಿಂದಲೇ ಚಿತ್ರ ಬರೆದು ಲೋಕಕ್ಕೆ ತೋರಿಸುತ್ತಾರೆ. ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಗಳಿಂದ ಸುದ್ದಿ ಹೆಕ್ಕಿ ತರುವ ವರದಿಗಾರರೂ ಇದ್ದಾರೆ.

ಇದೆಲ್ಲ ಕೆಲಸವಿಲ್ಲದವರ ಕಾಲಹರಣವೆಂದು ತಳ್ಳಿಹಾಕುವಂತಿಲ್ಲ. ಸಂಬಳದ ಹಣದಲ್ಲಿ ಸಂಸಾರ ತೂಗಿಸುವ ಮನೆಯಲ್ಲಿ ಇಂಥ ಯಂತ್ರವನ್ನು ಪದೇಪದೇ ಕೊಳ್ಳಲಾಗುವುದಿಲ್ಲ. ಮಗಳು ಕಾಲೇಜು ಸೇರುವಾಗ ಕೊಂಡದ್ದು ಅವಳು ಓದು ಮುಗಿಸುವವರೆಗೂ ಬಾಳಬೇಕು. ಇಂದು ಕೊಂಡು, ನಾಳೆ ಇದಕ್ಕಿಂತ ಚೆಲುವಾದುದು ಬಂದರೆ? ಕಾದು ಕುಳಿತು, ಬಂದದ್ದು ಇದಕ್ಕಿಂತ ಕೀಳಾದರೆ? ಈ ತೊಳಲಾಟಕ್ಕೆ ಉತ್ತರ ಬೇಕಿದ್ದರೆ ಮುಂದಿನದನ್ನು ಊಹಿಸುವ ಮೊದಲು ಹಿಂದೆ ನಡೆದುದನ್ನು ನೋಡುವುದು ಒಳ್ಳೆಯದು.

ಲಕೋಟೆಯಿಂದ ಹೊರಬಂದ ಯಂತ್ರ

ಮ್ಯಾಕ್‌ಬುಕ್ ವಂಶದ ಹಿರಿಯನ ಹೆಸರು ಪವರ್‌ಬುಕ್. ಅದು 1991ರ ಅಕ್ಟೋಬರಿನಲ್ಲಿ ಬಂದಿತು. ಅದರಲ್ಲಿ ಕೀಲಿಮಣೆಯನ್ನು ಪರದೆಯ ಕಡೆಗೆ ಹಿಂದಕ್ಕೆ ಸರಿಸಿ, ಮುಂಭಾಗದಲ್ಲಿ ಅಂಗೈ ಊರಲು ಜಾಗ ಬಿಟ್ಟಿದ್ದರು. ನಡುವೆ ಬೆರಳಿನಿಂದ ಉರುಳಿಸುವ ಒಂದು ಗುಂಡನ್ನು ಇಟ್ಟಿದ್ದರು. ಗುಂಡು ಮುಂದೆ ಮಾಯವಾಯಿತು. ಅಂಗೈ ಊರುವ ಜಾಗ ಮಾತ್ರ ಉಳಿಯಿತು. ಇಂದು ಯಾವ ಸಂಸ್ಥೆಯ ಲ್ಯಾಪ್‌ಟಾಪ್ ತೆರೆದರೂ ಕಾಣುವುದು ಆ ವಿನ್ಯಾಸವೇ. ಈ ವಂಶದ ಒಂದು ಯಂತ್ರ ರೂಪ ಬದಲಿಸಿದರೆ ಉಳಿದವರೂ ಅದರತ್ತ ಕಣ್ಣು ಹಾಯಿಸುವುದು ಈ ಕಾರಣದಿಂದ.

2008ರ ಜನವರಿ 15ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ ಸಂಸ್ಥೆಯ ಮುಖ್ಯಸ್ಥ ಸ್ಟೀವ್ ಜಾಬ್ಸ್, ಕಚೇರಿಯಲ್ಲಿ ಕಾಗದ ಇಡುವ ಲಕೋಟೆಯೊಂದನ್ನು ತೆರೆದು ಅದರೊಳಗಿಂದ ಒಂದು ಗಣಕವನ್ನು ಹೊರತೆಗೆದರು. ಅದೇ ಮ್ಯಾಕ್‌ಬುಕ್ ಏರ್. ಅತ್ಯಂತ ದಪ್ಪವಾದ ಕಡೆಯಲ್ಲಿಯೂ ಅದು ಮುಕ್ಕಾಲು ಅಂಗುಲದಷ್ಟಿತ್ತು. ತೂಕ ಮೂರು ಪೌಂಡು, ಬೆಲೆ 1,799 ಡಾಲರ್. ತಟ್ಟೆ ಓದುವ ಸಾಧನ ಅದರಲ್ಲಿರಲಿಲ್ಲ. ಯುಎಸ್‌ಬಿ ಕಿಂಡಿ ಒಂದೇ ಒಂದು. ಇಷ್ಟು ಕೊಟ್ಟು ಇಷ್ಟು ಕಡಿಮೆ ಪಡೆಯುವವರು ಯಾರೆಂದು ಹಲವರು ಹುಬ್ಬೇರಿಸಿದರು. ಎರಡೂಮುಕ್ಕಾಲು ವರ್ಷದ ಬಳಿಕ, 2010ರ ಅಕ್ಟೋಬರಿನಲ್ಲಿ, ಅದರ ಚಿಕ್ಕ ತಮ್ಮ 999 ಡಾಲರಿಗೆ ಬಂದಾಗ ನಗುವವರು ಕಡಿಮೆಯಾದರು, ಅನುಕರಿಸುವವರು ಹೆಚ್ಚಿದರು.

ತೆಳುವಿನ ಹುಚ್ಚು

ತೆಳುವಾಗಿಸುವ ಕಲೆ ಕೈವಶವಾದ ಮೇಲೆ ಅದೇ ಒಂದು ಹುಚ್ಚಾಯಿತು. 2015ರಲ್ಲಿ ಹನ್ನೆರಡು ಅಂಗುಲದ ಪರದೆಯ ಮ್ಯಾಕ್‌ಬುಕ್ ಬಂದಿತು. ತೂಕ ಒಂದು ಕಿಲೋಗ್ರಾಮಿಗಿಂತಲೂ ಕಡಿಮೆ. ವಿದ್ಯುತ್ತು ತುಂಬಲೂ, ಬೇರೆ ಸಾಧನಗಳನ್ನು ಜೋಡಿಸಲೂ ಇದ್ದದ್ದು ಒಂದೇ ಕಿಂಡಿ. ಕೀಲಿಮಣೆಯೂ ಹೊಸತು. ಹಳೆಯ ಕೀಲಿಗಳ ಕೆಳಗೆ ಕತ್ತರಿಯ ಅಲಗುಗಳಂತೆ ಒಂದನ್ನೊಂದು ಹಾಯುವ ಎರಡು ತುಂಡುಗಳಿರುತ್ತಿದ್ದವು. ಅವುಗಳ ಜಾಗದಲ್ಲಿ ಚಿಟ್ಟೆಯ ರೆಕ್ಕೆಯಂತೆ ಬಿಚ್ಚಿ ಮಡಿಸುವ ಏರ್ಪಾಡು ಬಂದಿತು. ಕೀಲಿ ಕೆಳಕ್ಕಿಳಿಯಬೇಕಾದ ದೂರ ಇದರಿಂದ ಬಹಳ ಕಡಿಮೆಯಾಯಿತು.

2016ರ ಅಕ್ಟೋಬರಿನಲ್ಲಿ ಇದೇ ಬಗೆಯ ಕೀಲಿಮಣೆ ಮ್ಯಾಕ್‌ಬುಕ್ ಪ್ರೊ ಯಂತ್ರಕ್ಕೂ ಬಂದಿತು. ಆ ಯಂತ್ರದಿಂದ ಹೋದದ್ದೂ ಸ್ವಲ್ಪವಲ್ಲ. ತಂತಿಗೆ ಯಾರಾದರೂ ಎಡವಿದರೆ ತಾನೇ ಕಳಚಿಕೊಂಡು ಯಂತ್ರವನ್ನು ಕಾಪಾಡುತ್ತಿದ್ದ ಅಯಸ್ಕಾಂತದ ಚಾರ್ಜರ್ ಹೋಯಿತು. ಛಾಯಾಚಿತ್ರದ ಕಾರ್ಡು ಸೇರಿಸುವ ಸೀಳು ಹೋಯಿತು. ದೊಡ್ಡ ಪರದೆಗೆ ಜೋಡಿಸುವ ಕಿಂಡಿ ಹೋಯಿತು. ಕೀಲಿಮಣೆಯ ಮೇಲ್ಸಾಲನ್ನು ಕಿತ್ತು ಅಲ್ಲಿ ಬೆಳಗುವ ಗಾಜಿನ ಪಟ್ಟಿಯೊಂದನ್ನು ಕೂರಿಸಿದ ಬಹುಪಾಲು ಮಾದರಿಗಳಲ್ಲಿ ಎಸ್ಕೇಪ್ ಕೀಲಿಯೂ ಗಾಜಿನೊಳಗಿನ ಚಿತ್ರವಾಯಿತು.

ಜಾತಕ ಬರೆಯುವವರ ಜಾಣ್ಮೆಗೆ ಇಲ್ಲೊಂದು ಸಾಕ್ಷಿಯುಂಟು, ಅದರ ಮಿತಿಗೂ ಉಂಟು. ಗಾಜಿನ ಪಟ್ಟಿ ಬರುವುದೆಂಬ ಮಾತು ಯಂತ್ರ ಹೊರಬರುವುದಕ್ಕೆ ತಿಂಗಳುಗಳ ಮೊದಲೇ ಹಬ್ಬಿತ್ತು. ಅದು ನಿಜವೂ ಆಯಿತು. ಕೀಲಿಗಳ ಕೆಳಗೆ ಏನಾಗಲಿದೆ ಎಂಬುದನ್ನು ಯಾವ ಚಿತ್ರವೂ ತೋರಿಸಲಿಲ್ಲ. ಒಂದು ಕಣ ಧೂಳು ಸಿಕ್ಕಿಕೊಂಡರೂ ಕೀಲಿ ಮೇಲೇಳದೆ ಹೋಗುವುದು, ಒಮ್ಮೆ ಒತ್ತಿದರೆ ಅಕ್ಷರ ಎರಡೆರಡು ಬಾರಿ ಮೂಡುವುದು—ಇಂಥ ದೂರುಗಳು ಎಲ್ಲೆಡೆಯಿಂದ ಬಂದವು. ಕೀಲಿಮಣೆಯನ್ನು ಯಂತ್ರದ ಮೇಲ್ಭಾಗಕ್ಕೆ ಬಿಗಿದು, ಬ್ಯಾಟರಿಯನ್ನೂ ಅದಕ್ಕೇ ಅಂಟಿಸಿದ್ದುದರಿಂದ, ಕೀಲಿಮಣೆ ಕೆಟ್ಟರೆ ಮೇಲ್ಭಾಗವನ್ನೆಲ್ಲ ಬದಲಾಯಿಸಬೇಕಾಗುತ್ತಿತ್ತು. ಕಡೆಗೆ 2018ರ ಜೂನಿನಲ್ಲಿ ಸಂಸ್ಥೆ ಇಂಥ ಯಂತ್ರಗಳಿಗೆ, ಕೊಂಡ ದಿನದಿಂದ ನಾಲ್ಕು ವರ್ಷಗಳವರೆಗೆ, ಉಚಿತ ರಿಪೇರಿಯನ್ನು ಪ್ರಕಟಿಸಿತು. 2019ರ ಮಾರ್ಚಿನಲ್ಲಿ ತೊಂದರೆಗೊಳಗಾದ ಗ್ರಾಹಕರ ಕ್ಷಮೆ ಕೋರಿತು. ಅದೇ ವರ್ಷದ ನವೆಂಬರಿನಲ್ಲಿ ಹದಿನಾರು ಅಂಗುಲದ ಯಂತ್ರದೊಡನೆ ಹಳೆಯ ಕತ್ತರಿಯ ಏರ್ಪಾಡು ಮರಳಿತು. ಎಸ್ಕೇಪ್ ಕೀಲಿಯೂ ಮರಳಿತು. ಗ್ರಾಹಕರು ಹೂಡಿದ್ದ ಮೊಕದ್ದಮೆಯನ್ನು ಮುಗಿಸಲು 2022ರಲ್ಲಿ ಸಂಸ್ಥೆ, ತನ್ನ ತಪ್ಪೆಂದು ಒಪ್ಪಿಕೊಳ್ಳದೆಯೇ, ಐದು ಕೋಟಿ ಡಾಲರ್ ಕೊಡಲು ಸಮ್ಮತಿಸಿತು.

ಹಳೆಯ ಅಂಗಿ, ಹೊಸ ಜೀವ

ಇದಕ್ಕೆ ತೀರ ವಿರುದ್ಧವಾದ ಪ್ರಸಂಗ 2020ರದು. ಆ ವರ್ಷದ ನವೆಂಬರಿನಲ್ಲಿ ಬಂದ ಮ್ಯಾಕ್‌ಬುಕ್ ಏರ್ ನೋಡುವುದಕ್ಕೆ ಹಿಂದಿನದರ ಪಡಿಯಚ್ಚು. ಅದೇ ಬೆಣೆಯಾಕಾರ, ಅದೇ ಪರದೆಯ ಅಳತೆ, ಅದೇ 999 ಡಾಲರ್ ಬೆಲೆ. ಬದಲಾದದ್ದು ಒಳಗಿನ ಚಿಪ್. 2006ರಿಂದ ಇಂಟೆಲ್ ಸಂಸ್ಥೆಯ ಚಿಪ್ಪನ್ನು ಬಳಸುತ್ತಿದ್ದ ಆಪಲ್, ದೂರವಾಣಿಗಾಗಿ ತಾನು ರೂಪಿಸಿದ್ದ ಚಿಪ್ಪುಗಳ ಜಾತಿಯಲ್ಲೇ ಎಂ1 ಎಂಬುದನ್ನು ಸಿದ್ಧಪಡಿಸಿತ್ತು. ಅದು ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತಿತ್ತೆಂದರೆ ಯಂತ್ರವನ್ನು ತಣಿಸುವ ಫ್ಯಾನನ್ನೇ ತೆಗೆದುಹಾಕಿದರು. ಒಮ್ಮೆ ವಿದ್ಯುತ್ತು ತುಂಬಿದರೆ, ಸಂಸ್ಥೆಯ ಲೆಕ್ಕದಂತೆ, ಹದಿನೆಂಟು ಗಂಟೆಗಳವರೆಗೆ ಚಲನಚಿತ್ರ ನೋಡಬಹುದಾಗಿತ್ತು.

ರೂಪದಲ್ಲಿ ಎಳ್ಳಷ್ಟೂ ಹೊಸತನವಿಲ್ಲದ ಈ ಯಂತ್ರವೇ ಹಿಂದಿನ ಹಲವು ವರ್ಷಗಳ ಎಲ್ಲ ಹೊಸ ರೂಪಗಳಿಗಿಂತ ಹೆಚ್ಚು ಉಪಕಾರ ಮಾಡಿತೆಂದರೆ ತಪ್ಪಾಗಲಾರದು. ಚಿಪ್ಪಿನ ವಿಷಯವನ್ನು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ 2018ರ ಏಪ್ರಿಲಿನಲ್ಲೇ ವರದಿ ಮಾಡಿತ್ತು. ವರ್ಷವನ್ನೂ ಸರಿಯಾಗಿ ಹೇಳಿತ್ತು. ಆದರೆ ಹೊರಗಿನ ಚೆಲುವಿಗೆ ಮನಸೋತವರಿಗೆ ಅದು ಅಷ್ಟು ರುಚಿಸುವ ಸುದ್ದಿಯಾಗಿರಲಿಲ್ಲ.

ಕದ್ದ ನಕ್ಷೆ, ತಪ್ಪಿದ ಬಣ್ಣ

2021ರಲ್ಲಿ ಊಹೆಗೆ ಕೆಲಸವೇ ಇಲ್ಲದಂತಹ ಘಟನೆಯೊಂದು ನಡೆಯಿತು. ಆಪಲ್‌ಗೆ ಲ್ಯಾಪ್‌ಟಾಪ್ ಜೋಡಿಸಿಕೊಡುವ ತೈವಾನಿನ ಕ್ವಾಂಟಾ ಸಂಸ್ಥೆಯ ಗಣಕಗಳಿಗೆ ‘ಆರ್‌ಈವಿಲ್’ ಎಂಬ ಕಳ್ಳರ ಗುಂಪು ಕನ್ನ ಹಾಕಿ ನಕ್ಷೆಗಳನ್ನು ಕದ್ದಿತು. ಐದು ಕೋಟಿ ಡಾಲರ್ ಕೊಡದಿದ್ದರೆ ಎಲ್ಲವನ್ನೂ ಬಯಲು ಮಾಡುವೆವೆಂದು ಬೆದರಿಸಿ, ಏಪ್ರಿಲಿನಲ್ಲಿ ಕೆಲವನ್ನು ಹೊರಗೆಡಹಿತು. ಅವುಗಳಲ್ಲಿ ಅಯಸ್ಕಾಂತದ ಚಾರ್ಜರ್, ಕಾರ್ಡಿನ ಸೀಳು, ದೊಡ್ಡ ಪರದೆಯ ಕಿಂಡಿ ಮೂರೂ ಮರಳಿ ಬಂದಿದ್ದವು. ಅಕ್ಟೋಬರಿನಲ್ಲಿ ಹೊರಬಂದ ಮ್ಯಾಕ್‌ಬುಕ್ ಪ್ರೊ ಹಾಗೆಯೇ ಇತ್ತು. ಗಾಜಿನ ಪಟ್ಟಿ ಅದರಲ್ಲಿ ಇರಲಿಲ್ಲ. 2016ರ ಹದಿನೈದು ಅಂಗುಲದ ಯಂತ್ರದ ದಪ್ಪ 15.5 ಮಿಲಿಮೀಟರ್, 2021ರ ಹದಿನಾರು ಅಂಗುಲದ್ದು 16.8. ಸಂಸ್ಥೆ ತೆಳುವಿನ ಹಟ ಬಿಟ್ಟು ಗ್ರಾಹಕರ ಮಾತಿಗೆ ಕಿವಿಗೊಟ್ಟಿತ್ತು.

ಅದೇ ಸುಮಾರಿಗೆ ಮುಂದಿನ ಏರ್ ಯಂತ್ರವು ಕಾಮನಬಿಲ್ಲಿನ ಬಣ್ಣಗಳಲ್ಲಿ, ಪರದೆಯ ಸುತ್ತ ಬಿಳಿಯ ಅಂಚಿನೊಡನೆ ಬರುವುದೆಂದು ಸೊಗಸಾದ ಚಿತ್ರಗಳು ಹರಿದಾಡಿದವು. 2022ರಲ್ಲಿ ಬಂದ ಯಂತ್ರಕ್ಕೆ ಇದ್ದದ್ದು ಕಪ್ಪು ಅಂಚು, ನಾಲ್ಕು ಗಂಭೀರ ಬಣ್ಣಗಳು. ಬೆಣೆಯಾಕಾರ ಹೋಗಿ ಎಲ್ಲೆಡೆ ಒಂದೇ ಸಮನಾದ 11.3 ಮಿಲಿಮೀಟರ್ ದಪ್ಪದ ಮೈ ಬಂದಿತ್ತು. ಕಾರ್ಖಾನೆಯಿಂದ ಬಂದ ಸುದ್ದಿಗೂ ಚಿತ್ರಕಾರನ ಕಲ್ಪನೆಗೂ ಇರುವ ಅಂತರ ಇಷ್ಟು.

ಮುಂದಿನ ಜಾತಕ

ಇನ್ನು ಮುಂದಿನ ಮ್ಯಾಕ್‌ಬುಕ್ ಪ್ರೊ. ಅದರ ಬಗೆಗೆ ಹಬ್ಬಿರುವ ಊಹೆಗಳಲ್ಲಿ ಮುಖ್ಯವಾದುವು ಮೂರು: ಪರದೆ ಓಲೆಡ್ ಜಾತಿಯದಾಗುತ್ತದೆ, ಅದು ಬೆರಳಿನ ಸ್ಪರ್ಶಕ್ಕೆ ಓಗೊಡುತ್ತದೆ, ಯಂತ್ರ ಮತ್ತೆ ತೆಳುವಾಗುತ್ತದೆ.

ಮೊದಲನೆಯದಕ್ಕೆ ಆಧಾರ ಗಟ್ಟಿಯಾಗಿದೆ. 2021ರಿಂದ ಬಂದ ಪ್ರೊ ಯಂತ್ರಗಳಲ್ಲಿ ಪರದೆಯ ಹಿಂದೆ ಸಾವಿರಾರು ಪುಟ್ಟ ದೀಪಗಳಿದ್ದು, ಅವುಗಳ ಬೆಳಕು ಮುಂದಿನ ಪದರದ ಮೂಲಕ ಹಾದು ಬರುತ್ತದೆ. ಓಲೆಡ್ ಪರದೆಯಲ್ಲಾದರೋ ಪ್ರತಿಯೊಂದು ಚುಕ್ಕಿಯೂ ತಾನೇ ದೀಪ. ಕಪ್ಪು ಬೇಕಾದಲ್ಲಿ ಚುಕ್ಕಿ ಆರುತ್ತದೆ. ಹಿಂಬದಿಯ ದೀಪದ ಪದರವೇ ಬೇಡ. 2024ರ ಮೇ ತಿಂಗಳಲ್ಲಿ ಇಂಥ ಪರದೆಯೊಡನೆ ಬಂದ ಹದಿಮೂರು ಅಂಗುಲದ ಐಪ್ಯಾಡ್ ಪ್ರೊ ಕೇವಲ 5.1 ಮಿಲಿಮೀಟರ್ ದಪ್ಪವಿತ್ತು. ಒಂದೇ ಚಿತ್ರ ದಿನವೆಲ್ಲ ಒಂದೇ ಜಾಗದಲ್ಲಿ ನಿಂತರೆ ಓಲೆಡ್ ಪರದೆಯಲ್ಲಿ ಅದರ ಕಲೆ ಉಳಿಯುವ ಭಯವುಂಟು. ಲ್ಯಾಪ್‌ಟಾಪಿನ ನೆತ್ತಿಯ ಮೇಲಿನ ಪಟ್ಟಿ ಯಾವಾಗಲೂ ಅಲ್ಲೇ ನಿಂತಿರುತ್ತದೆ. ಎರಡು ಪದರಗಳನ್ನು ಒಂದರ ಮೇಲೊಂದಿಟ್ಟು ಹೊರೆ ಹಂಚುವ ಉಪಾಯವನ್ನು ಆ ಐಪ್ಯಾಡಿನಲ್ಲಿ ಅನುಸರಿಸಿದ್ದಾರೆ. ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಡಿಸ್‌ಪ್ಲೇ ಸಂಸ್ಥೆ, ಲ್ಯಾಪ್‌ಟಾಪ್‌ಗಳಂಥ ಯಂತ್ರಗಳಿಗೆ ಓಲೆಡ್ ಪರದೆ ತಯಾರಿಸುವುದಕ್ಕಾಗಿ ಆಸಾನ್ ನಗರದಲ್ಲಿ 4.1 ಲಕ್ಷ ಕೋಟಿ ವಾನ್ ತೊಡಗಿಸುವುದಾಗಿ 2023ರ ಏಪ್ರಿಲಿನಲ್ಲಿ ಪ್ರಕಟಿಸಿತು. ಅಷ್ಟು ಹಣವನ್ನು ಬರಿಯ ಗಾಳಿಮಾತಿಗೆ ಯಾರೂ ಸುರಿಯುವುದಿಲ್ಲ.

ಸ್ಪರ್ಶದ ವಿಷಯ ಅಷ್ಟು ಸರಳವಲ್ಲ. ನೆಟ್ಟಗೆ ನಿಂತ ಪರದೆಯನ್ನು ಮುಟ್ಟುತ್ತ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ತೋಳು ಸೋಲುತ್ತದೆ ಎಂದು ಜಾಬ್ಸ್ 2010ರಲ್ಲಿಯೇ ಹೇಳಿ ಆ ಯೋಚನೆಯನ್ನು ಬದಿಗಿರಿಸಿದ್ದರು. 2023ರ ಜನವರಿಯಲ್ಲಿ ಬ್ಲೂಮ್‌ಬರ್ಗ್, ಸ್ಪರ್ಶದ ಮ್ಯಾಕ್ ಯಂತ್ರ 2025ರಲ್ಲಿ ಬರಬಹುದೆಂದಿತು. 2025ರ ಅಕ್ಟೋಬರಿನಲ್ಲಿ ಬಂದ ಎಂ5 ಚಿಪ್ಪಿನ ಮ್ಯಾಕ್‌ಬುಕ್ ಪ್ರೊ 2021ರ ಹಳೆಯ ರೂಪದಲ್ಲೇ ಇತ್ತು, ಸ್ಪರ್ಶ ಇರಲಿಲ್ಲ. ಅದೇ ತಿಂಗಳು ಅದೇ ಸುದ್ದಿಸಂಸ್ಥೆ 2026ರ ಕೊನೆ ಅಥವಾ 2027ರ ಆರಂಭವೆಂದು ಹೊಸ ಮುಹೂರ್ತ ಹೇಳಿತು. ಬೆರಳು ತಾಗಿದಾಗ ಪರದೆ ಹಿಂದಕ್ಕೆ ವಾಲದಂತೆ ಕೀಲನ್ನು ಬಲಪಡಿಸುತ್ತಾರೆಂದೂ ಆ ವರದಿಯಲ್ಲಿತ್ತು. ಜ್ಯೋತಿಷಿ ಲಗ್ನವನ್ನು ಸರಿಯಾಗಿ ಹೇಳಿದರೂ ತಿಥಿಯಲ್ಲಿ ಎಡವುವುದು ಈ ವಿದ್ಯೆಯಲ್ಲಿ ಹೊಸದಲ್ಲ.

ಮೂರನೆಯದೇ ಮನೆಯವರು ಕಣ್ಣಿಡಬೇಕಾದ ಮಾತು. ವಿಮಾನದಲ್ಲಿ ಯಾವ ಅನುಮತಿಯೂ ಇಲ್ಲದೆ ಒಯ್ಯಬಹುದಾದ ಬ್ಯಾಟರಿಗೆ 100 ವಾಟ್-ಗಂಟೆಯ ಮಿತಿಯುಂಟು. ಹದಿನಾರು ಅಂಗುಲದ ಪ್ರೊ ಯಂತ್ರ ಆ ಅಂಚಿನಲ್ಲೇ ಇದೆ. ಮೈ ಕರಗಿಸಬೇಕಾದರೆ ಏನನ್ನಾದರೂ ಬಿಟ್ಟುಕೊಡಬೇಕು: ಬ್ಯಾಟರಿಯನ್ನೋ, ಕಿಂಡಿಗಳನ್ನೋ, ಕೀಲಿ ಇಳಿಯುವ ಆಳವನ್ನೋ. ಚಿಪ್ಪಿನ ಮಿತವ್ಯಯ ಮತ್ತು ಪರದೆಯ ತೆಳುವಿನಿಂದಲೇ ಜಾಗ ಉಳಿಸಿದರೆ ಲಾಭ. 2016ರಂತೆ ಕೀಲಿಮಣೆಯಿಂದ ಕದ್ದರೆ ಬೆಲೆ ತೆರುವವರು ಕೊಂಡವರೇ.

ಕಾಯುವುದೇ, ಕೊಳ್ಳುವುದೇ?

ಕಾಯುವುದರಿಂದ ಎಂದೂ ಲಾಭವಿಲ್ಲವೆನ್ನುವಂತಿಲ್ಲ. 2020ರ ಮಾರ್ಚಿನಲ್ಲಿ ಇಂಟೆಲ್ ಚಿಪ್ಪಿನ ಏರ್ ಕೊಂಡವರು ನವೆಂಬರಿನಲ್ಲಿ ಅದೇ ಬೆಲೆಗೆ ಎಂ1 ಬಂದುದನ್ನು ಕಂಡು ಕೈ ಹಿಸುಕಿಕೊಂಡರು. ಆದರೆ ಚಿಪ್ಪು ಬದಲಾಗುವ ವಿಷಯವನ್ನು ಸಂಸ್ಥೆಯೇ ಆ ಜೂನಿನಲ್ಲಿ ಬಹಿರಂಗವಾಗಿ ಹೇಳಿತ್ತು. ಆ ಮಾತನ್ನು ಕೇಳಿ ಕಾದವರು ಜಾಣರು. ಸಂಸ್ಥೆಯೇ ಆಡಿದ ಮಾತಿಗಾಗಿ ತಿಂಗಳುಗಳು ಕಾಯಬಹುದು. ಊರೆಲ್ಲ ಆಡುವ ಮಾತಿಗಾಗಿ ವರ್ಷಗಳು ಕಾಯಲಾಗದು. ಸ್ಪರ್ಶದ ಪರದೆಗಾಗಿ 2023ರಿಂದ ಕಾದ ವಿದ್ಯಾರ್ಥಿಯ ಓದು ಅರ್ಧ ಮುಗಿದಿರುತ್ತದೆ.

ಕೆಲಸ ಕಣ್ಣೆದುರಿಗಿದ್ದರೆ ಇರುವ ಯಂತ್ರವನ್ನು ಕೊಳ್ಳುವುದೇ ವಿವೇಕ. ಅವಸರವಿಲ್ಲದವರು ಹೊಸ ರೂಪ ಬಂದ ಮೇಲೆಯೂ ಒಂದು ವರ್ಷ ತಡೆದು, ಮೊದಲು ಕೊಂಡವರ ಅನುಭವವನ್ನು ಕೇಳುವುದು ಲೇಸು. 2015 ಮತ್ತು 2016ರಲ್ಲಿ ಮುನ್ನುಗ್ಗಿದವರ ಪಾಡು ಕಲಿಸಿದ ಪಾಠವಿದು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆಪಲ್ ತನ್ನದೇ ಮಳಿಗೆಯನ್ನು ತೆರೆದಿದೆ. ಹೊಸ ಯಂತ್ರ ಬಂದ ದಿನ ಅಲ್ಲಿಗೆ ಹೋದವರು ಅದರ ತೆಳುವನ್ನು ಕಂಡು ಬೆರಗಾಗಲಿ, ಪರದೆಯ ಮೇಲೆ ಬೆರಳಾಡಿಸಲಿ. ಹಣದ ಚೀಲ ಬಿಚ್ಚುವ ಮೊದಲು ಒಂದು ಪುಟ ಟೈಪು ಮಾಡಿ ನೋಡಲಿ. ಮೂರನೆಯ ವರ್ಷದಲ್ಲಿ ಒಂದು ಕೀಲಿ ಕೆಟ್ಟರೆ ರಿಪೇರಿಗೆ ಎಷ್ಟಾಗುತ್ತದೆಂದು ಕೇಳಿ ತಿಳಿಯಲಿ.